ಹೆಬ್ಬೆಟ್ಟಿನ ತೀರ್ಪು

ಪದವಿ ಮುಗಿಸಿ, ಆ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ನೇತುಹಾಕಿದ ಮನುಷ್ಯನನ್ನು ಯಾರಾದರೂ ‘ಹೆಬ್ಬೆಟ್ಟು’ ಎಂದು ಕರೆಯುತ್ತಾರೆಯೇ? ಇವನನ್ನು ಕರೆಯುತ್ತಿದ್ದರು. ಓದು ಬರಹ ಇಲ್ಲದವರನ್ನು ಹಂಗಿಸಲು ಇರುವ ಮಾತು ಅದು. ದಿನಕ್ಕೆ ಮೂವತ್ತು ಕಾಗದಕ್ಕೆ ಸಹಿ ಹಾಕುವವನಿಗೆ ಹೋಗಿ ಅಂಟಿಕೊಂಡಿತ್ತು. ಕೋಪ ಬರಬೇಕಾಗಿತ್ತು, ಬರಲಿಲ್ಲ. ಒಳಗೊಳಗೇ ಅವನು ಅದನ್ನು ಬಿರುದೆಂದೇ ಇಟ್ಟುಕೊಂಡಿದ್ದ.

ದೊಡ್ಡ ಸೂಪರ್‌ಮಾರ್ಕೆಟ್ಟೊಂದರ ಹಿಂಬಾಗಿಲಲ್ಲಿ ಅವನ ಕೆಲಸ. ಮುಂಬಾಗಿಲಲ್ಲಿ ಗಾಜು, ಸಂಗೀತ, ತಳ್ಳುಗಾಡಿ. ಹಿಂಬಾಗಿಲಲ್ಲಿ ಸಿಮೆಂಟು ಕಟ್ಟೆ, ನೀರಿನ ಪೈಪು, ಪ್ಲಾಸ್ಟಿಕ್ ಪಟ್ಟಿಗಳ ಪರದೆ, ಅದರಾಚೆ ಕೋಲ್ಡ್ ರೂಮು. ಬೆಳಿಗ್ಗೆ ಆರಕ್ಕೆ ಮಾಂಸದ ಲಾರಿ ಹಿಂದಕ್ಕೆ ಹಿಂದಕ್ಕೆ ಬಂದು ಕಟ್ಟೆಗೆ ತಾಗಿ ನಿಲ್ಲುತ್ತಿತ್ತು. ಡ್ರೈವರ್ ಬಾಗಿಲು ತೆರೆದರೆ ಬಿಳಿ ಹೊಗೆ ಹೊರಬರುತ್ತಿತ್ತು. ಬಿಳಿ ಕೋಟು, ರಬ್ಬರ್ ಬೂಟು ತೊಟ್ಟು ಇವನು ಒಳಗೆ ಹತ್ತಿದನೆಂದರೆ ಮುಗಿಯಿತು, ಇವನು ಹೂಂ ಅನ್ನುವವರೆಗೆ ಒಂದು ಕೋಳಿ ಕಾಲು ಕೂಡ ಕೆಳಗಿಳಿಯುವಂತಿರಲಿಲ್ಲ. ಚಳಿಗೆ ಉಳಿದ ಬೆರಳುಗಳೆಲ್ಲ ಮರಗಟ್ಟಿದರೂ ಅವನಿಗೆ ಚಿಂತೆಯಿಲ್ಲ. ಬಲಗೈ ಹೆಬ್ಬೆಟ್ಟನ್ನು ಮಾತ್ರ ಕಂಕುಳಲ್ಲಿ ಸಿಕ್ಕಿಸಿಕೊಂಡು ಬೆಚ್ಚಗಿಟ್ಟುಕೊಳ್ಳುತ್ತಿದ್ದ. ಅಂಗಡಿಯ ಹುಡುಗಿಯರು ನೋಡಿ ನಗುತ್ತಿದ್ದರು, ನಗಲಿ.

ಆ ಹೆಬ್ಬೆಟ್ಟಿನ ಕೆಲಸ ಇಷ್ಟೇ. ತೆಳ್ಳನೆಯ ಕೈಗವಸು ಹಾಕಿ ಮಾಂಸದ ಮೇಲೆ ಒತ್ತುವುದು, ತೆಗೆಯುವುದು, ಎಣಿಸುವುದು. ಒಂದು, ಎರಡು, ಮೂರು. ಮೂರರೊಳಗೆ ಗುಳಿ ತುಂಬಿಕೊಂಡು ಮೊದಲಿನಂತಾದರೆ ಮಾಂಸ ತಾಜಾ. ಗುಳಿ ಗುಳಿಯಾಗಿಯೇ ಉಳಿದರೆ ಅದರ ಕಾಲ ಮುಗಿಯುತ್ತ ಬಂದಿದೆ ಎಂದರ್ಥ. ಇದನ್ನು ಕಲಿಸಿದವನು ಮೂವತ್ತೊಂದು ವರ್ಷದ ಹಿಂದೆ ಅದೇ ಕಟ್ಟೆಯ ಮೇಲಿದ್ದ ಹಳೆಯ ಪರೀಕ್ಷಕ. ಬೆರಳೊಂದನ್ನೇ ನಂಬಬೇಡ ಎಂದೂ ಅವನೇ ಹೇಳಿದ್ದ. “ಬೆರಳು, ಮೂಗು, ಕಡ್ಡಿ. ಮೂರು ಸಾಕ್ಷಿ. ಒಬ್ಬ ಸುಳ್ಳು ಹೇಳಬಹುದು, ಮೂವರೂ ಸೇರಿ ಸುಳ್ಳು ಹೇಳೋದು ಕಷ್ಟ.” ಕಡ್ಡಿ ಎಂದರೆ ಮಾಂಸದೊಳಗೆ ಚುಚ್ಚಿ ಎಷ್ಟು ತಣ್ಣಗಿದೆ ಎಂದು ನೋಡುವ ಥರ್ಮಾಮೀಟರು. ನಾಲ್ಕು ಡಿಗ್ರಿ ದಾಟಿತೋ, ಪ್ರಶ್ನೆ ಕೇಳಬೇಕು. ಲಾರಿಯ ಕಾಗದದ ಮೇಲೆ ಈ ಮೂರಕ್ಕೂ ಒಂದೊಂದು ಕಾಲಂ. ಮೂವತ್ತೊಂದು ವರ್ಷದಲ್ಲಿ ಇವನು ಒಂದು ಕಾಲಮನ್ನೂ ಖಾಲಿ ಬಿಟ್ಟವನಲ್ಲ.

ಹತ್ತು ಗಂಟೆಯ ಮೇಲೆ ಅವನನ್ನು ಮುಂದಿನ ಕೌಂಟರಿಗೆ ಕರೆಯುತ್ತಿದ್ದರು. ಅಲ್ಲಿ ಮಾಂಸ ಕತ್ತರಿಸುವವಳು ಅಂಗಡಿಗೆಲ್ಲ ‘ಅಕ್ಕ’. ಇವನಿಗಿಂತ ಆರು ವರ್ಷ ಚಿಕ್ಕವಳು, ಬಾಯಿ ಮಾತ್ರ ಅರವತ್ತು ವರ್ಷ ದೊಡ್ಡದು. ಗಿರಾಕಿಗಳ ಪ್ರಶ್ನೆಗೆ ಉತ್ತರ ಹೇಳುವ ತಾಳ್ಮೆ ಅವಳಿಗಿಲ್ಲ, ಅದಕ್ಕೆ ಇವನು ಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಎಲ್ಲರಿಗೂ ಗೊತ್ತು, ಕೆಂಪಗಿರುವುದೆಲ್ಲ ತಾಜಾ ಅಲ್ಲ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ನಿವೃತ್ತ ಟೀಚರಮ್ಮ ಒಬ್ಬರು ವಾರಕ್ಕೆರಡು ಸಲ ಬಂದು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಪರೀಕ್ಷೆ ಮಾಡುವವರಂತೆ ಕೇಳುತ್ತಿದ್ದರು. ಅವನು ಅವರನ್ನು ಪ್ಯಾಕೆಟ್ಟಿನ ಸಮೇತ ಬಾಗಿಲ ಬಳಿಗೆ ಕರೆದೊಯ್ಯುತ್ತಿದ್ದ.

“ಇಲ್ಲಿ ಬಿಸಿಲಲ್ಲಿ ನೋಡಿ ಟೀಚರ್. ಒಳಗಡೆ ಗುಲಾಬಿ ದೀಪ ಹಾಕಿದಾರೆ. ಆ ದೀಪದಲ್ಲಿ ನಾನೂ ನೀವೂ ಇಪ್ಪತ್ತು ವರ್ಷದವರ ಥರ ಕಾಣ್ತೀವಿ.”

“ಇದು ನೇರಳೆ ಬಣ್ಣಕ್ಕೆ ಬಂದಿದೆಯಲ್ಲಪ್ಪ, ಕೆಟ್ಟಿರಬೇಕು.”

“ಗಾಳಿ ತೆಗೆದು ಮುಚ್ಚಿರೋದು, ಅದಕ್ಕೆ ಹಾಗೆ. ಮನೆಗೆ ಹೋಗಿ ಬಿಡಿಸಿ, ಇಪ್ಪತ್ತು ನಿಮಿಷ ಫ್ರಿಜ್ಜಲ್ಲಿ ಉಸಿರಾಡೋಕೆ ಬಿಡಿ. ತಾನೇ ಕೆಂಪಾಗುತ್ತೆ. ಪ್ಯಾಕೆಟ್ಟು ಉಬ್ಬಿದ್ರೆ ಮುಟ್ಟಬೇಡಿ. ಕೈಗೆ ಲೋಳೆ ಅಂಟಿದ್ರೆ ಬೇಡ. ಒಳಗೆ ಐಸ್ ಹರಳು ಕಂಡ್ರೆ, ಯಾರೋ ಒಂದ್ಸಲ ಕರಗಿಸಿ ಮತ್ತೆ ಗಟ್ಟಿ ಮಾಡಿದಾರೆ ಅಂತ ಲೆಕ್ಕ. ಆದ್ರೆ ಟೀಚರ್, ಒಂದೇ ಗುರುತು ನೋಡಿ ತೀರ್ಪು ಕೊಡಬೇಡಿ.”

ಕೊನೆಯ ಆ ಮಾತನ್ನು ಅವನು ಎಲ್ಲರಿಗೂ ಹೇಳುತ್ತಿದ್ದ. ಅಕ್ಕ ಕತ್ತಿ ಮಸೆಯುತ್ತ ಅವನ ಧ್ವನಿಯನ್ನೇ ಅಣಕಿಸಿ ಜೊತೆಗೆ ಹೇಳುತ್ತಿದ್ದಳು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ಅದು ಇವನಿಗೂ ಅನ್ವಯಿಸಬಹುದು ಎಂದು ಆಗ ಅವಳಿಗೂ ತೋಚಿರಲಿಲ್ಲ.

ಮನೆಯೆಂದರೆ ಮೂರನೇ ಮಹಡಿಯ ಎರಡು ಕೋಣೆ. ಒಂದರ ಕಿಟಕಿಗೆ ಒರಗಿಸಿ ಹೆಂಡತಿಯ ಹೊಲಿಗೆ ಮಷೀನು. ಹೊಸ ಬಟ್ಟೆ ಅವಳು ಹೊಲಿಯುತ್ತಿರಲಿಲ್ಲ, ಬಿಗಿಯಾದದ್ದನ್ನು ಸಡಿಲ ಮಾಡುವುದು, ಉದ್ದವಾದದ್ದನ್ನು ಗಿಡ್ಡ ಮಾಡುವುದು, ಇಷ್ಟೇ. “ಜನ ದಪ್ಪ ಆಗ್ತಾ ಇರೋವರೆಗೆ ನನ್ನ ಹೊಟ್ಟೆಗೆ ಮೋಸ ಇಲ್ಲ” ಎನ್ನುತ್ತಿದ್ದಳು. ಮಕ್ಕಳಾಗಿರಲಿಲ್ಲ. ಆ ಜಾಗವನ್ನು ಅವರು ಜಗಳದಿಂದ ತುಂಬಿಕೊಂಡಿದ್ದರು. ಕಿಟಕಿ ತೆರೆಯಬೇಕೋ ಮುಚ್ಚಬೇಕೋ, ಟವೆಲು ಯಾರು ಒದ್ದೆ ಮಾಡಿದ್ದು, ಪಕ್ಕದ ಮನೆಯವರ ನಾಯಿ ಬೊಗಳಿದ್ದು ಎಷ್ಟು ಸಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಮಾತನ್ನೂ ಅವರು ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ಎದ್ದು, ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಿದ್ದರು.

ಜಗಳಕ್ಕೆ ರಜೆ ಸಿಗುತ್ತಿದ್ದದ್ದು ಸಂಜೆಯ ಅರ್ಧ ಗಂಟೆ ಮಾತ್ರ. ಇಡೀ ದಿನ ಮಷೀನು ತುಳಿದ ಕಾಲನ್ನು ಅವಳು ಅವನ ತೊಡೆಯ ಮೇಲಿಡುತ್ತಿದ್ದಳು. ಅವನು ಪುಟ್ಟ ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿ ತಿಕ್ಕುತ್ತಿದ್ದ. ಮದುವೆಯಾದ ಎರಡನೇ ವರ್ಷ ಶುರುವಾದದ್ದು, ನಿಂತಿರಲಿಲ್ಲ.

ಅವಳಿಗೆ ಐವತ್ತು ತುಂಬಿದ ವರ್ಷ ಬಿ.ಪಿ. ಬಂತು. ಬೀದಿಯ ಕ್ಲಿನಿಕ್ಕಿನಲ್ಲಿ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಬಿ.ಪಿ. ತಗ್ಗಿತು, ಅದರ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡರು. ಎರಡು ತಿಂಗಳು ಕಳೆದ ಮೇಲೆ ಒಂದು ಸಂಜೆ, ಎಣ್ಣೆ ತಿಕ್ಕುತ್ತಿದ್ದವನ ಹೆಬ್ಬೆಟ್ಟು ಅವಳ ಕಣಕಾಲಿನ ಮೇಲೆ, ಮೂಳೆಯ ಪಕ್ಕ ಒತ್ತಿ ನಿಂತಿತು. ತೆಗೆದ. ಗುಳಿ ಬಿದ್ದಿತ್ತು. ಅಭ್ಯಾಸಬಲ ನೋಡಿ, ಅವನ ತುಟಿ ತಾನಾಗಿಯೇ ಎಣಿಸತೊಡಗಿತು. ಒಂದು, ಎರಡು, ಮೂರು. ಗುಳಿ ಹಾಗೇ ಇತ್ತು. ನಾಲ್ಕು, ಐದು, ಆರು. ಹನ್ನೊಂದರ ಹೊತ್ತಿಗೆ ಅಂಚು ಸ್ವಲ್ಪ ಮಾಸಿತು, ತುಂಬಲಿಲ್ಲ. ಅವನು ಎಣಿಸುವುದನ್ನು ನಿಲ್ಲಿಸಿದ.

ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. “ಏನ್ರೀ, ನನ್ನನ್ನೂ ವಾಪಸ್ ಕಳಿಸ್ತೀರಾ?” ಎಂದು ನಕ್ಕಳು.

ಅವನು ನಗಲಿಲ್ಲ. “ಉಪ್ಪು ಕಡಿಮೆ ತಿನ್ನು” ಎಂದ. ಎಣ್ಣೆಯ ಬಟ್ಟಲು ತೆಗೆದುಕೊಂಡು ಹೋಗಿ ತೊಳೆದಿಟ್ಟ. ಇನ್ನೂ ಒಂದು ಕಾಲು ಬಾಕಿಯಿತ್ತು.

ಈಗ ಅವನ ತಲೆಯೊಳಗೆ ಏನಾಯಿತೆಂದು ಹೇಳಬೇಕು, ಇಲ್ಲದಿದ್ದರೆ ಅವನನ್ನು ಕಟುಕನೆಂದು ತಿಳಿದುಬಿಡುತ್ತೀರಿ. ಅವನ ಕಸುಬಿನಲ್ಲಿ ಔಷಧಿ ಎಂಬುದಿಲ್ಲ. ಗುಳಿ ತುಂಬದ ಮಾಂಸವನ್ನು ಯಾರೂ ವಾಸಿ ಮಾಡುವುದಿಲ್ಲ. ಇಳಿಸಿಕೊಳ್ಳಬೇಕು ಅಥವಾ ವಾಪಸ್ ಕಳಿಸಬೇಕು, ನಡುವೆ ಮೂರನೆಯ ದಾರಿಯಿಲ್ಲ. ಮೂವತ್ತೊಂದು ವರ್ಷ ಆ ಎರಡೇ ದಾರಿಯಲ್ಲಿ ನಡೆದವನಿಗೆ ಮೂರನೆಯದು ಕಣ್ಣಿಗೇ ಬೀಳಲಿಲ್ಲ. ಸಾಲದ್ದಕ್ಕೆ ಅವನ ತಾಯಿಯ ಕಾಲೂ ಕೊನೆಯ ತಿಂಗಳಲ್ಲಿ ಹೀಗೇ ಊದಿಕೊಂಡಿತ್ತು. ಹೆಬ್ಬೆಟ್ಟು ಹೇಳಿದ ಮೇಲೆ ಮುಗಿಯಿತು ಎಂದುಕೊಂಡ. ಹೆಂಡತಿ ಹೋಗುತ್ತಾಳೆ, ಅವಳಿಗೆ ಗೊತ್ತಿಲ್ಲ, ತನಗೆ ಗೊತ್ತು. ಇಷ್ಟು ಅವನೊಳಗೆ ಹೋಗಿ ಕೂತಿತು.

ಅಳು ಬರಲಿಲ್ಲ. ಅದೇ ಅವನಿಗೂ ಆಶ್ಚರ್ಯ. ಕೋಲ್ಡ್ ರೂಮಿನಲ್ಲಿ ತುಂಬ ಹೊತ್ತು ನಿಂತರೆ ಮೊದಲು ಚಳಿಯಾಗುತ್ತದೆ, ಆಮೇಲೆ ನೋವಾಗುತ್ತದೆ, ಆಮೇಲೆ ಏನೂ ಆಗುವುದಿಲ್ಲ. ಅವನು ನೇರವಾಗಿ ಆ ‘ಏನೂ ಆಗುವುದಿಲ್ಲ’ಕ್ಕೆ ಹೋಗಿ ನಿಂತುಬಿಟ್ಟಿದ್ದ. ಊಟ ಮಾಡುತ್ತಿದ್ದ, ರುಚಿ ಗೊತ್ತಾಗುತ್ತಿರಲಿಲ್ಲ. ನಿದ್ದೆಯೂ ಬರುತ್ತಿತ್ತು. ಬೆಳಿಗ್ಗೆ ಬೂಟು ಹಾಕುವಾಗ ದಿನ ಎಣಿಸುತ್ತಿದ್ದ. ಇವತ್ತಿಗೆ ಹದಿನೇಳು. ಇವತ್ತಿಗೆ ನಲವತ್ತು.

ಡಾಕ್ಟರ ಮಾತು ಅವಳೇ ಎರಡು ಸಲ ಎತ್ತಿದಳು. “ರೀ, ಸಂಜೆ ಆದ್ರೆ ಕಾಲು ಭಾರ ಆಗುತ್ತೆ. ಒಂದ್ಸಲ ತೋರಿಸಿಬಿಡೋಣವಾ?”

“ಏನೂ ಇಲ್ಲ ಬಿಡು. ಕೂತು ಕೂತು ಹಾಗಾಗಿದೆ.”

ಡಾಕ್ಟರು ಬಾಯಿಬಿಟ್ಟು ಹೇಳಿದರೆ ಅವಳಿಗೂ ಗೊತ್ತಾಗುತ್ತದೆ, ಅಲ್ಲಿಂದಾಚೆ ಮನೆಯಲ್ಲಿ ಇಬ್ಬರು ಎಣಿಸಬೇಕಾಗುತ್ತದೆ. ಅದು ಅವನಿಗೆ ಬೇಡವಾಗಿತ್ತು. ಅವಳೋ, ಮನೆಗೆ ತಂದ ಎಲ್ಲ ಪದಾರ್ಥಕ್ಕೂ ಇಪ್ಪತ್ತೇಳು ವರ್ಷ ಅವನ ಹೆಬ್ಬೆಟ್ಟಿನ ಸರ್ಟಿಫಿಕೇಟು ಪಡೆದವಳು. ಅವನು ಒತ್ತಿ ನೋಡಿ ಏನೂ ಇಲ್ಲ ಎಂದ ಮೇಲೆ ಏನೂ ಇಲ್ಲವೆಂದೇ ನಂಬಿದಳು.

ಅವಳು ನಂಬದೇ ಹೋದದ್ದು ಬೇರೆ ವಿಷಯ. ಅವನು ಜಗಳ ನಿಲ್ಲಿಸಿಬಿಟ್ಟಿದ್ದ. ಅವಳು ಕಿಟಕಿ ಮುಚ್ಚಿದರೆ ಮುಚ್ಚಲಿ, ತೆರೆದರೆ ತೆರೆಯಲಿ. ಬೇಕೆಂದೇ ಅವನ ಟವೆಲನ್ನು ಒದ್ದೆ ಮಾಡಿ ಹಾಸಿಗೆಯ ಮೇಲೆ ಎಸೆದಳು. ಅವನು ಅದನ್ನು ಎತ್ತಿ ತಂತಿಗೆ ಹಾಕಿ, “ಇರಲಿ” ಎಂದ. ಇರಲಿ. ಈ ಗಂಡಸಿನ ಬಾಯಲ್ಲಿ ಆ ಪದವನ್ನು ಅವಳು ಕೇಳಿದ್ದೇ ಇಲ್ಲ. ಸಂಜೆ ಎಣ್ಣೆ ತಿಕ್ಕುವುದನ್ನೂ ಬಿಟ್ಟಿದ್ದ. ಸುಸ್ತು ಎನ್ನುತ್ತಿದ್ದ. ನಿಜ ಏನೆಂದರೆ ಆ ಕಾಲು ಮುಟ್ಟುವ ಧೈರ್ಯ ಅವನಿಗಿರಲಿಲ್ಲ.

ಒಂದು ಸಂಜೆ ಅವಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದಳು. ಪಟ್ಟಿ ಕೊರೆದ ಗುರುತು ಪಾದದ ಮೇಲೆ ಅಡ್ಡಕ್ಕೆ ಬಿದ್ದಿತ್ತು.

“ರೀ, ಇದು ಹಿಡೀತಾನೇ ಇಲ್ಲ. ಒಂದು ಸೈಜು ದೊಡ್ಡದು ತಗೊಳ್ಳೋಣ. ನಾಳೆ ನಿಮಗೆ ರಜಾ ಅಲ್ವಾ.”

ಅವನು ಪೇಪರಿನಿಂದ ತಲೆ ಎತ್ತಲಿಲ್ಲ. ಬಾಯಿಗೆ ಬಂದದ್ದು ಬಂದೇಬಿಟ್ಟಿತು. “ಇನ್ನೆಷ್ಟು ದಿನಕ್ಕೆ?”

ಅವಳು ಕತ್ತರಿ ತೆಗೆದುಕೊಂಡು ಚಪ್ಪಲಿಯ ಪಟ್ಟಿಯನ್ನು ತಾನೇ ಕತ್ತರಿಸಿ, ನಡುವೆ ದಪ್ಪ ಬಟ್ಟೆಯ ತುಂಡು ಸೇರಿಸಿ ಹೊಲಿದುಕೊಂಡಳು. ಬಿಗಿಯಾದದ್ದನ್ನು ಸಡಿಲ ಮಾಡುವುದು ಅವಳ ಕಸುಬಲ್ಲವೇ.

ಅದರ ಮರುವಾರ ಅವಳ ತಂಗಿಯ ಫೋನು. ತಂಗಿ ಬೇರೆ ಊರಿನಲ್ಲಿ ಒಬ್ಬಳೇ ಟೈಲರ್ ಅಂಗಡಿ ಇಟ್ಟುಕೊಂಡಿದ್ದಳು. ಕೆಲಸ ಕೈಮೀರಿದೆ, ಬಂದು ನನ್ನ ಜೊತೆ ಇರು ಎಂದು ಎರಡು ವರ್ಷದಿಂದ ಕರೆಯುತ್ತಿದ್ದಳು. ಪ್ರತಿ ಸಲ ಹೆಂಡತಿ “ಇವರನ್ನು ಬಿಟ್ಟು ಬಂದ್ರೆ ಇವರು ಯಾರ ಜೊತೆ ಜಗಳ ಆಡ್ತಾರೆ?” ಎಂದು ಹೇಳಿ ಫೋನು ಇಡುವವಳು. ಈ ಸಲ ಹಾಗೆನ್ನಲಿಲ್ಲ. “ನೋಡೋಣ” ಎಂದಳು. ಅವನು ಪಕ್ಕದಲ್ಲೇ ಕೂತು ಕೇಳಿದ, ಕೇಳಿಸಿದರೂ ಏನೂ ಅನ್ನಿಸಲಿಲ್ಲ.

ನೂರಾ ಹತ್ತನೇ ದಿನ ಕೆಲಸದಲ್ಲಿ ಎಡವಟ್ಟಾಯಿತು. ಲಾರಿ ಬಂತು, ಅವನು ಹತ್ತಿದ, ಕುರಿ ಮಾಂಸದ ಮೊದಲ ತುಂಡಿನ ಮೇಲೆ ಹೆಬ್ಬೆಟ್ಟು ಒತ್ತಿದ. ಗುಳಿ ನಿಂತಿತು. ಎರಡನೆಯದು, ಮೂರನೆಯದು, ಎಲ್ಲವೂ ಹಾಗೇ.

“ವಾಪಸ್ ತಗೊಂಡು ಹೋಗು” ಎಂದ.

“ಸಾರ್, ಕಡ್ಡಿ ಚುಚ್ಚಿ ನೋಡಿ. ಒಂದ್ಸಲ ಮೂಸಿ ನೋಡಿ ಸಾರ್” ಎಂದ ಡ್ರೈವರ್.

“ಬೇಡ. ಗೊತ್ತಾಯ್ತು.”

ಇಡೀ ಲೋಡು ವಾಪಸ್ ಹೋಯಿತು. ಮೂರು ದಿನದ ಮೇಲೆ ಮ್ಯಾನೇಜರ್ ಅವನನ್ನು ತನ್ನ ಕೋಣೆಗೆ ಕರೆದ. ಇವನಿಗೊಬ್ಬ ಮಗನಿದ್ದಿದ್ದರೆ ಆ ವಯಸ್ಸಿನವನು, ಮಾತು ಮೆತ್ತಗೆ. ಲ್ಯಾಬಿನ ವರದಿಯನ್ನು ಮೇಜಿನ ಮೇಲೆ ಅವನ ಕಡೆಗೆ ತಿರುಗಿಸಿ ಇಟ್ಟ. ಮಾಂಸದಲ್ಲಿ ಯಾವ ದೋಷವೂ ಇರಲಿಲ್ಲ. ಅದು ಒಮ್ಮೆ ಫ್ರೀಜ್ ಮಾಡಿ, ಕ್ರಮವಾಗಿ ತಣ್ಣಗೆ ಕರಗಿಸಿದ ಮಾಂಸ, ಲಾರಿಯ ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದೂ ಇತ್ತು. ಅಂಥ ಮಾಂಸ ಮೆತ್ತಗಾಗಿಯೇ ಇರುತ್ತದೆ, ಗುಳಿ ಬೇಗ ತುಂಬುವುದಿಲ್ಲ. ತಿನ್ನಲು ಏನೂ ತೊಂದರೆಯಿಲ್ಲ. ಇದು ಅವನೇ ಹತ್ತಾರು ಹೊಸಬರಿಗೆ ಹೇಳಿಕೊಟ್ಟ ಪಾಠ.

“ಬೈತಾ ಇಲ್ಲ ಸಾರ್ ನಾನು” ಎಂದ ಮ್ಯಾನೇಜರ್. “ಎರಡು ಕಾಲಂ ಖಾಲಿ ಇದೆ. ನಿಮ್ಮ ಕೈಬರಹದಲ್ಲಿ ಖಾಲಿ ಕಾಲಂ ನಾನು ನೋಡೇ ಇಲ್ಲ. ಹುಷಾರಿದೀರಾ?”

ಹುಷಾರಿದ್ದೇನೆ ಎಂದು ಹೇಳಿ ಅವನು ಹೊರಗೆ ಬಂದ. ಅವಮಾನ ಆಗಬೇಕಿತ್ತು, ಅದೂ ಆಗಲಿಲ್ಲ.

ಅಕ್ಕನಿಗೆ ಸುದ್ದಿ ಮೊದಲೇ ತಲುಪಿತ್ತು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನನ್ನು ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂರಿಸಿದಳು.

“ಅಣ್ಣ, ಮೂರು ಸಾಕ್ಷಿ ಮೂರು ಸಾಕ್ಷಿ ಅಂತ ನನ್ನ ತಲೆಗೆ ಮೊಟಕಿ ಕಲಿಸಿದವನು ನೀನು. ನಿನಗೇ ಮರೆತು ಹೋಯ್ತಾ? ನಾಲ್ಕು ತಿಂಗಳಿಂದ ನೋಡ್ತಿದೀನಿ, ಮೈ ಇಲ್ಲಿದೆ, ನೀನು ಇಲ್ಲ.”

ಅವನು ತನ್ನ ಹೆಬ್ಬೆಟ್ಟು ನೋಡಿಕೊಂಡ. “ಮನೇಲಿ ಅವಳ ಕಾಲು ಒತ್ತಿದೆ. ಹನ್ನೊಂದು ಎಣಿಸಿದ್ರೂ ತುಂಬಲಿಲ್ಲ.”

ಅಕ್ಕನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕತ್ತಿ ಕೆಳಗಿಟ್ಟಳು. “ಡಾಕ್ಟರಿಗೆ ತೋರಿಸಿದ್ಯಾ?”

“ಇಲ್ಲ.”

“ಯಾಕೆ?”

“ಗೊತ್ತಾಯ್ತಲ್ಲ.”

“ಏನು ಗೊತ್ತಾಯ್ತು ನಿನಗೆ?” ಅವಳ ಧ್ವನಿ ಏರಲಿಲ್ಲ, ಇಳಿಯಿತು. “ಸತ್ತ ಕುರಿಗೆ ಮೂರು ಸಾಕ್ಷಿ ಬೇಕು, ಬದುಕಿರೋ ಹೆಂಡತಿಗೆ ಒಂದೇ ಸಾಕಾ? ನನ್ನ ಅತ್ತೆಗೂ ಕಾಲು ಊದಿತ್ತು. ಹನ್ನೆರಡು ವರ್ಷ ಆಯ್ತು, ಇನ್ನೂ ನನ್ನ ಜೀವ ತಿಂತಾ ಇದಾಳೆ. ಏಳು ಮೇಲೆ. ನಾಳೆ ಅಲ್ಲ, ಇವತ್ತು ಕರ್ಕೊಂಡು ಹೋಗು.”

ಅವನು ಎದ್ದ. ದೀಪದ ಬುಡದಲ್ಲಿ ಕತ್ತಲೆ ಎಂದು ಹೇಳುವುದು ಸುಲಭ. ಆದರೆ ಆ ಕತ್ತಲೆಯಲ್ಲಿ ಒಬ್ಬಳು ಬದುಕಿದ್ದಾಳೆ ಎಂದು ಅವನಿಗೆ ಹೊಳೆದದ್ದು ಆ ಸ್ಟೂಲಿನ ಮೇಲೆ, ನೂರಾ ಹದಿಮೂರನೇ ದಿನ.

ಕ್ಲಿನಿಕ್ಕಿನಲ್ಲಿ ಹೊಸ ಡಾಕ್ಟರಮ್ಮ ಇದ್ದರು. ಹೆಂಡತಿ ಬೆಂಚಿನ ಮೇಲೆ ಕಾಲು ಚಾಚಿದಳು. ಡಾಕ್ಟರಮ್ಮ ತಮ್ಮ ಹೆಬ್ಬೆಟ್ಟನ್ನು ಅದೇ ಜಾಗದಲ್ಲಿ, ಮೂಳೆಯ ಪಕ್ಕ ಒತ್ತಿ ತೆಗೆದರು. ಅವನ ತುಟಿ ಎಣಿಸತೊಡಗಿತು. ಅವರು ಮಾತ್ರ ಎಣಿಸುವ ಗೋಜಿಗೆ ಹೋಗದೆ ಎದೆಗೆ ಕೊಳವೆ ಇಟ್ಟು ಕೇಳಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ರಕ್ತ ಮೂತ್ರ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಹೊರಗಿನ ಕುರ್ಚಿಯಲ್ಲಿ ಇಬ್ಬರೂ ಕೂತಿದ್ದರು. ಅವಳು ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡುತ್ತಿದ್ದಳು. ಅವನು ಅವಳ ಚಪ್ಪಲಿಯ ತೇಪೆ ನೋಡುತ್ತಿದ್ದ.

“ಹೃದಯ ಚೆನ್ನಾಗಿದೆ, ಕಿಡ್ನಿ ಚೆನ್ನಾಗಿದೆ” ಎಂದರು ಡಾಕ್ಟರಮ್ಮ. “ಈ ಬಿ.ಪಿ. ಮಾತ್ರೆ ಯಾವಾಗಿಂದ ತಗೋತಿದೀರಿ?”

“ಆರು ತಿಂಗಳಾಯ್ತು ಮೇಡಂ” ಎಂದಳು ಹೆಂಡತಿ.

“ಇದರದ್ದೇ ಕೆಲಸ. ಕೆಲವರಿಗೆ ಈ ಮಾತ್ರೆ ಕಾಲಿಗೆ ನೀರು ಇಳಿಸುತ್ತೆ. ಬೇರೆದು ಬರೀತೀನಿ. ಎರಡು ಮೂರು ವಾರದಲ್ಲಿ ಇಳಿದು ಹೋಗುತ್ತೆ. ಊತ ಶುರುವಾಗಿ ಎಷ್ಟು ದಿನ ಆಯ್ತು?”

“ಒಂದೆರಡು ತಿಂಗಳು ಇರಬಹುದು” ಎಂದು ಹೆಂಡತಿ ಹೇಳುತ್ತಿರುವಾಗಲೇ ಅವನ ಬಾಯಿಂದ ಬಂದುಬಿಟ್ಟಿತು.

“ನೂರಾ ಹದಿಮೂರು ದಿನ.”

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅವನನ್ನು ನೋಡಿದರು. “ಅಷ್ಟು ಕರೆಕ್ಟಾಗಿ ಗೊತ್ತಿದ್ದವರು ಆವತ್ತೇ ಕರ್ಕೊಂಡು ಬರಬಾರದಿತ್ತಾ?”

ಹೆಂಡತಿ ನಿಧಾನವಾಗಿ ತಲೆ ತಿರುಗಿಸಿ ಅವನನ್ನೇ ನೋಡಿದಳು. ಏನನ್ನೂ ಕೇಳಲಿಲ್ಲ. ಬಸ್ಸಿನಲ್ಲಿಯೂ ಕೇಳಲಿಲ್ಲ, ಮೆಟ್ಟಿಲು ಹತ್ತುವಾಗಲೂ ಕೇಳಲಿಲ್ಲ. ಅವನಿಗೆ ಸಂತೋಷ ಆಗಬೇಕಿತ್ತು. ಆಗುತ್ತದೆ, ಸ್ವಲ್ಪ ಹೊತ್ತು ಬೇಕು ಎಂದು ಕಾಯುತ್ತಿದ್ದ. ಕೋಲ್ಡ್ ರೂಮಿನಿಂದ ಹೊರಬಂದ ಕೂಡಲೇ ಕೈಗೆ ಸ್ಪರ್ಶ ಬರುವುದಿಲ್ಲವಲ್ಲ.

ಕಾಲು ದಿನದಿನಕ್ಕೂ ಇಳಿಯಿತು. ಮೂಳೆ ಕಾಣಿಸಿಕೊಂಡಿತು, ನರ ಕಾಣಿಸಿಕೊಂಡಿತು. ಅವಳು ಚಪ್ಪಲಿಗೆ ಹಾಕಿದ ತೇಪೆ ಬಿಚ್ಚಿ ಪಟ್ಟಿಯನ್ನು ಮೊದಲಿನಂತೆ ಹೊಲಿದಳು. ಅವನು ಕಿಟಕಿಯ ವಿಷಯಕ್ಕೆ ಒಂದು ಸಲ ಬೇಕೆಂದೇ ತಕರಾರು ತೆಗೆದ. ಅವಳು “ಇರಲಿ” ಎಂದಳು.

ಹೊಸ ಮಾತ್ರೆ ಶುರುವಾದ ಹತ್ತೊಂಬತ್ತನೇ ದಿನ ಸಂಜೆ ಅವನೇ ಎಣ್ಣೆ ಬೆಚ್ಚಗೆ ಮಾಡಿ ತಂದ. ಅವಳು ಮಷೀನಿನ ಮುಂದಿನಿಂದ ಎದ್ದು ಬಂದು ಕೂತಳು, ಕಾಲನ್ನು ಅವನ ತೊಡೆಯ ಮೇಲಿಟ್ಟಳು.

“ಒತ್ತಿ ನೋಡಿ” ಎಂದಳು.

ಒತ್ತಿದ. ತೆಗೆದ. ಒಂದು ಎನ್ನುವ ಮೊದಲೇ ಗುಳಿ ಮಾಯ. ಅವನ ಎದೆಯಲ್ಲಿ ಏನೋ ಸಡಿಲವಾಗಿ, ನಾಲ್ಕು ತಿಂಗಳ ಮೇಲೆ ಮೊದಲ ಸಲ ಕಣ್ಣು ಒದ್ದೆಯಾಯಿತು. ಅವಳು ಅದನ್ನು ನೋಡಿದಳು.

“ಆವತ್ತು ಎಷ್ಟು ಎಣಿಸಿದ್ರಿ?”

“ಹನ್ನೊಂದು.”

“ನಾನು ಹೋಗ್ತೀನಿ ಅಂದ್ಕೊಂಡ್ರಿ.”

ಅವನು ತಲೆಯಾಡಿಸಿದ.

“ನಾನೇನು ಅಂದ್ಕೊಂಡೆ ಗೊತ್ತಾ? ಇವರಿಗೆ ನಾನು ಸಾಕಾದೆ, ಜಗಳಕ್ಕೂ ಬೇಡವಾದೆ ಅಂದ್ಕೊಂಡೆ. ದಿನಾ ಅದನ್ನೇ ಯೋಚನೆ ಮಾಡ್ತಾ ಹೊಲೀತಿದ್ದೆ.” ಅವಳು ಹಳೆಯ ಚಪ್ಪಲಿಯ ಕಡೆ ನೋಡಿದಳು. “ಹಾಗಾದ್ರೆ ಆವತ್ತು ‘ಇನ್ನೆಷ್ಟು ದಿನಕ್ಕೆ’ ಅಂದ್ರಲ್ಲ, ಅದು ಚಪ್ಪಲಿಗಲ್ಲ.”

ಅವನು ಅವಳ ಪಾದವನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ. ಹೇಳಲು ಏನಾದರೂ ಇತ್ತೆಂದರೆ ಅದನ್ನು ಆಗಲೇ ಹೇಳಬೇಕಿತ್ತು.

“ಭಯ ಆಯ್ತು ಅಂದಿದ್ರೆ ಸಾಕಾಗಿತ್ತು ಕಣ್ರೀ. ಇಬ್ಬರೂ ಕೂತು ಅತ್ತುಬಿಡ್ತಿದ್ವಿ. ಮಾರನೇ ದಿನ ಡಾಕ್ಟರ ಹತ್ರ ಹೋಗ್ತಿದ್ವಿ.” ಅವಳು ಮೆಲ್ಲಗೆ ಕಾಲನ್ನು ಅವನ ಕೈಯಿಂದ ಬಿಡಿಸಿಕೊಂಡಳು. ಕಾಲಿಗೆ ಇನ್ನೂ ಎಣ್ಣೆ ಹಚ್ಚಿರಲಿಲ್ಲ. ಹಳೆಯ ಚಪ್ಪಲಿಯಲ್ಲಿ ಪಾದ ತೂರಿಸಿದಳು, ಸರಿಯಾಗಿ ಕೂತಿತು. “ತಂಗಿಗೆ ಫೋನ್ ಮಾಡಿದೀನಿ. ನಾಳೆ ಹೋಗ್ತೀನಿ.”

ಅವನ ಬಾಯಿಗೆ ಅದೇ ಮಾತು ಮತ್ತೆ ಬಂತು.

“ಎಷ್ಟು ದಿನಕ್ಕೆ?”

“ನೀವೇ ಎಣಿಸ್ಕೊಳ್ಳಿ” ಎಂದಳು.

ಅವಳು ಒಳಗೆ ಹೋಗಿ ಮಷೀನಿಗೆ ಬಟ್ಟೆ ಮುಚ್ಚಿದಳು, ಕಿಟಕಿ ಮುಚ್ಚಿದಳು. ಅವನು ಬಟ್ಟಲು ಹಿಡಿದುಕೊಂಡು ಅಲ್ಲೇ ಕೂತಿದ್ದ. ಎಣ್ಣೆ ಇನ್ನೂ ಬೆಚ್ಚಗಿತ್ತು.